ಹಳೆಯ ಚಾದರದಲ್ಲಿ ಸುತ್ತಿದ್ದ ಹಳದಿ ಕೋಲು

ಜೋಕಿಮ್ ಪಾಯಸ್‌ನಷ್ಟು ಸಮಾಧಾನಿಯನ್ನು ನಾನು ಕುವೈತಿನಲ್ಲಿ ಇನ್ನೊಬ್ಬನನ್ನು ಕಂಡಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಬ್ನೇದ್ ಅಲ್ ಗಾರ್ ಬಡಾವಣೆಯ ಒಂದೇ ಫ್ಲಾಟಿನಲ್ಲಿ ನಾವಿಬ್ಬರೂ ನಾಲ್ಕು ವರ್ಷ ಜಗಳವಿಲ್ಲದೆ ಇದ್ದೆವೆಂದರೆ ಅದರ ಪುಣ್ಯವೆಲ್ಲ ಅವನದೇ. ಅವನು ಕಲ್ಯಾಣಪುರದವನು, ನಾನು ಮಂಡ್ಯದವನು. ಅವನಿಗೆ ಮೀನಿಲ್ಲದೆ ಅನ್ನ ಇಳಿಯದು, ನನಗೆ ಮೀನಿನ ವಾಸನೆ ಬಂದರೆ ಅನ್ನ ಇಳಿಯದು. ನಾನು ಊಟ ಮುಗಿಸಿ ಏಳುವವರೆಗೂ ಅವನು ಒಲೆ ಹಚ್ಚುತ್ತಿರಲಿಲ್ಲ.

ಇಬ್ಬರೂ ನೀರೆತ್ತುವ ಪಂಪು ಮಾರುವ ಒಂದೇ ಕಂಪನಿಯಲ್ಲಿದ್ದೆವು. ನಾನು ಎಂಜಿನಿಯರ್, ಅವನು ಸ್ಟೋರ್ ಕೀಪರ್. ಮಾಲೀಕ ಅಬು ಬದರ್ ನಮ್ಮಿಬ್ಬರ ಕಫೀಲ್, ಅಂದರೆ ನಮ್ಮ ವೀಸಾಕ್ಕೆ ಹೊಣೆಯಾದವನು. ಮದುವೆಯಾಗಿ ಮೂರು ವರ್ಷವಾದರೂ ಜೋಕಿಮ್ ಹೆಂಡತಿ ಅಪೊಲೋನಿಯಾಳ ಜೊತೆ ಕಳೆದದ್ದು ಒಟ್ಟು ಎಪ್ಪತ್ತು ದಿನ. ಅವಳನ್ನು ಕರೆಸಿಕೊಳ್ಳಲು ಕಫೀಲನ ಸಹಿಯ ಪತ್ರ ಬೇಕು. ಆ ಪತ್ರ ಸಹಿಯಿಲ್ಲದೆ ಐದು ತಿಂಗಳಿಂದ ಅಬು ಬದರನ ಮೇಜಿನ ಡ್ರಾಯರಿನಲ್ಲಿ ಮಲಗಿತ್ತು. ಹೋಗಿ ಕೇಳೋ ಎಂದು ನಾನು ಬೈದರೆ, "ಅವರಿಗೆ ಗೊತ್ತುಂಟು ಮಾರಾಯ್ರೆ, ಮಾಡ್ತಾರೆ" ಎನ್ನುತ್ತಿದ್ದ.

ಎಂಬತ್ತೆರಡರ ಬೇಸಿಗೆ ಕಳೆಯುವ ಹೊತ್ತಿಗೆ ಅಬು ಬದರ್ ಅಮೆರಿಕದಿಂದ ಮರಳಿದ. ಕಾಲೇಜಿನ ದಿನಗಳಲ್ಲಿ ಅಲ್ಲಿನ ಕೆರೆಗಳಲ್ಲಿ ಬಾಸ್ ಎಂಬ ದೊಡ್ಡ ಬಾಯಿಯ ಮೀನು ಹಿಡಿದಿದ್ದನಂತೆ. ಈಗ ಆ ಹಳೆಯ ಹುಚ್ಚು ಹೊಸದಾಗಿ ಹತ್ತಿತ್ತು. ಜೊತೆಗೆ ಒಂದು ಪೆಟ್ಟಿಗೆ ತುಂಬ ಹೊಟ್ಟೆ ಉಬ್ಬಿದ ಮರದ ಮೀನುಗಳನ್ನು ತಂದಿದ್ದ. ಒಂದೊಂದರ ಮೂತಿಯಲ್ಲೂ ಚಮಚದಂಥ ಪುಟ್ಟ ತಗಡು, ಹೊಟ್ಟೆಯಡಿ ಮೂರು ಮೊನೆಯ ಕೊಕ್ಕೆ. ದಾರ ಸುತ್ತಿದರೆ ಅದು ನೀರಿನೊಳಗೆ ಮುಳುಗಿ, ಗಾಯವಾದ ಮೀನಿನಂತೆ ಒದ್ದಾಡುತ್ತ ಬರುತ್ತದೆ. ಕುವೈತಿನಲ್ಲಿ ಬಾಸ್ ಇಲ್ಲ. ಆದರೆ ಬಂಡೆಸಂದಿಯ ಹಾಮೂರು ಮೀನಿಗೂ ಬಾಯಿ ಅಷ್ಟೇ ದೊಡ್ಡದು, ಆಸೆಯೂ ಅಷ್ಟೇ. ಗಾಳದ ಕೋಲೊಂದು ಮಾತ್ರ ವಿಮಾನದಲ್ಲಿ ಮುರಿದುಹೋಗಿತ್ತು.

"ಜೋಕಿಮ್, ನೀನು ಸಮುದ್ರದ ಕಡೆಯವನು. ಇದಕ್ಕೆ ಸರಿಯಾದ ಕೋಲು ನೀನೇ ಆರಿಸು. ಶುಕ್ರವಾರ ಹೋಗೋಣ, ಯಲ್ಲಾ, ನಡಿ" ಎಂದ.

ನನಗೆ ಸ್ವರ್ಗಕ್ಕೆ ಮೂರೇ ಗೇಣು. ಕಫೀಲನನ್ನು ಮೆಚ್ಚಿಸಿದರೆ ಪತ್ರ ಡ್ರಾಯರಿನಿಂದ ಏಳುತ್ತದೆ ಎಂದು ಲೆಕ್ಕ ಹಾಕಿದೆ. ಜೋಕಿಮನಿಗಿಂತ ಮೊದಲು ಚಪ್ಪಲಿ ಮೆಟ್ಟಿಕೊಂಡು ಸೂಕ್ ಪೇಟೆಗೆ ಹೊರಟವನು ನಾನೇ.

ಗಾಳದ ಅಂಗಡಿಯವನು ಎರಡು ಕೋಲು ಮುಂದಿಟ್ಟ. ಒಂದು ಆಗಷ್ಟೇ ಜಪಾನಿನಿಂದ ಬಂದ ಕಪ್ಪು ಕಾರ್ಬನ್ ಕೋಲು. ಗರಿಯಷ್ಟು ಹಗುರ, ಕಡ್ಡಿಯಷ್ಟು ಬಿರುಸು, ಹಿಡಿಯ ಮೇಲೆ ಬಂಗಾರದ ಅಕ್ಷರ. ಇನ್ನೊಂದು ಹಳದಿ ಫೈಬರ್ ಗ್ಲಾಸ್. ತೂಕದ್ದು, ಅಲ್ಲಾಡಿಸಿದರೆ ನಡುವಿನವರೆಗೂ ಬಳುಕುತ್ತಿತ್ತು, ಬೆಲೆ ಕಾಲುಭಾಗ. ಜೋಕಿಮ್ ದಾರದ ತುದಿಯನ್ನು ನನ್ನ ಬೆರಳುಗಳ ನಡುವೆ ಕೊಟ್ಟು, "ಮೆಲ್ಲ ಹಿಡ್ಕೊಳ್ಳಿ, ನೀವೇ ಮೀನು" ಎಂದು ದೂರ ಹೋಗಿ ನಿಂತ. ಕಪ್ಪು ಕೋಲನ್ನು ಎತ್ತಿದ್ದೇ ತಡ, ದಾರ ಬೆರಳಿನಿಂದ ಕಿತ್ತುಹೋಯಿತು. ಹಳದಿ ಕೋಲು ಮೊದಲು ಬಾಗಿತು, ಆಮೇಲೆ ಎಳೆಯಿತು. ದಾರ ಬೆರಳಲ್ಲೇ ಉಳಿಯಿತು.

"ನೋಡಿದ್ರಾ? ಮರದ ಮೀನು ಓಡ್ತಾ ಇರುವಾಗ್ಲೇ ಹಾಮೂರು ಕಚ್ಚುದು. ಕೊಕ್ಕೆ ತುಟಿಗೆ ಮಾತ್ರ ಸಿಕ್ಕಿರ್ತದೆ. ಕೋಲು ಸ್ವಲ್ಪ ಸೋಲ್ಬೇಕು. ನಮ್ಮ ಹೊಳೆಯಲ್ಲಿ ಬಿದಿರು ಆರಿಸುವಾಗ್ಲೂ ಇಷ್ಟೇ ನೋಡುದು."

"ಕಫೀಲನ ಕೈಗೆ ಅಗ್ಗದ ಮಾಲು ಕೊಡ್ತೀಯಾ? ನಿನ್ನ ಹೆಂಡ್ತಿ ಬರೋದು ಬೇಡ್ವಾ?" ಎಂದು ರೇಗಿದೆ.

ಆ ಮಾತು ನಾನು ಆಡಬಾರದಿತ್ತು. ಅವನು ಹಳದಿ ಕೋಲನ್ನು ಬದಿಗಿಟ್ಟು ಕಪ್ಪು ಕೋಲನ್ನೇ ಕಟ್ಟಿಸಿದ. ಮರುದಿನ ನಮ್ಮ ಬಾಗಿಲ ಹಿಂದೆ, ಹಳೆಯ ಚಾದರದಲ್ಲಿ ಸುತ್ತಿದ ಹಳದಿ ಕೋಲು ನಿಂತಿತ್ತು. ಕೇಳಿದರೆ, "ಅದು ನಂಗೆ" ಎಂದ.

ಶುಕ್ರವಾರ ಬೆಳಿಗ್ಗೆ ಸಾಲ್ಮಿಯಾದ ಕಡಲ ಬಂಡೆಗಳ ಮೇಲೆ ಕಫೀಲ್, ಜೋಕಿಮ್ ಮತ್ತು ಛತ್ರಿ ಹಿಡಿದ ನಾನು. ಅಬು ಬದರ್ ಕಪ್ಪು ಕೋಲನ್ನು ಹೊಗಳಿ ಬೀಸಿದ. ಮೊದಲ ಮೀನು ಕಚ್ಚಿತು, ಅವನು ಜಗ್ಗಿದ, ಬರಿಯ ಕೊಕ್ಕೆ ಬಂತು. ಎರಡನೆಯದು ದಡದ ಹತ್ತಿರ ಬಂದು, ಬೆನ್ನು ತೋರಿಸಿ, ಹೊರಟೇಹೋಯಿತು. ಅವನ ಮುಖ ಕೆಂಪಾಯಿತು. ಬರಬೇಕಾದವಳು ಜೋಕಿಮನ ಹೆಂಡತಿ, ಕೆಲಸ ಕೆಡಿಸಿದವನು ನಾನು.

ಆಗ ಜೋಕಿಮ್ ತಾನು ತಂದಿದ್ದ ಚಾದರದ ಕಟ್ಟು ಬಿಚ್ಚಿ, ಮರದ ಮೀನನ್ನು ಹಳದಿ ಕೋಲಿನ ದಾರಕ್ಕೆ ಕಟ್ಟಿ, ಕಫೀಲನ ಕೈಗೆ ಕೊಟ್ಟ. ಅಬು ಬದರ್ ಅದನ್ನು ಮೇಲಿಂದ ಕೆಳಗೆ ನೋಡಿ ನಕ್ಕ. ಕಾಲು ಗಂಟೆಯಲ್ಲಿ ಕೋಲು ಅರ್ಧಕ್ಕೆ ಬಾಗಿತು. ಹಾಮೂರು ಅತ್ತ ಇತ್ತ ಜಗ್ಗಾಡಿತು, ಕೋಲು ಸೋಲುತ್ತ ಸೋಲುತ್ತ ಅದನ್ನು ದಡಕ್ಕೆ ತಂದಿತು. ಏಳು ಕಿಲೋಗೆ ಕಡಿಮೆಯಿರಲಿಲ್ಲ. ಮೀನು ಕಂಡು ನನಗೆ ಜೀವ ಬಂದದ್ದು ಅದೇ ಮೊದಲು.

ಅಬು ಬದರ್ ತಿರುಗಿ, "ಇದು ಸರಿ ಎಂದು ಗೊತ್ತಿದ್ದೂ ಅದನ್ನೇಕೆ ಕೊಟ್ಟೆ?" ಎಂದು ಕೇಳಿದ.

ಜೋಕಿಮ್ ನನ್ನ ಕಡೆ ನೋಡಲೇ ಇಲ್ಲ. "ಅಗ್ಗದ್ದು ಕೊಟ್ಟರೆ ನಿಮಗೆ ಬೇಸರ ಆದೀತು ಅಂತ ಹೆದರಿದೆ. ನನ್ನ ಹೆಂಡತಿಯ ಪತ್ರ ನಿಮ್ಮ ಡ್ರಾಯರಿನಲ್ಲಿ ಉಂಟು."

ಕಫೀಲ್ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟ. "ಮೀನಿಗೂ ಹೆಂಡತಿಗೂ ಏನು ಸಂಬಂಧ? ನಾನು ಮರೆತಿದ್ದೆ, ನೀನು ಕೇಳಲಿಲ್ಲ. ನಾಳೆ ಬೆಳಿಗ್ಗೆ ಬಾ, ಖಲಾಸ್" ಎಂದ. ಶನಿವಾರ ಒಂಬತ್ತಕ್ಕೆ ಸಹಿಯಾಯಿತು. ಅಂದು ನಾನು ಎರಡು ತಟ್ಟೆ ಮೊಸರನ್ನ ಹೆಚ್ಚಿಗೆ ತಿಂದೆ.

ಡಿಸೆಂಬರಿನಲ್ಲಿ ಅಪೊಲೋನಿಯಾ ಬಂದಳು. ವಿಮಾನ ನಿಲ್ದಾಣದಲ್ಲಿ ಗಂಡನಿಗಿಂತ ಮೊದಲು ನನ್ನ ಕೈಗೆ ಬಟ್ಟೆ ಸುತ್ತಿದ ಮಿಡಿ ಉಪ್ಪಿನಕಾಯಿಯ ಭರಣಿ ಕೊಟ್ಟಳು.

"ನಿಮಗೇಂತಲೇ ಹಾಕಿದ್ದು. ಇವರು ಎಲ್ಲ ಬರ್ದಿದ್ರು. ಆ ಹಳದಿ ಕೋಲೇ ಆಗ್ಬೇಕು ಅಂತ ಹಟ ಹಿಡಿದದ್ದು ನೀವೇ ಅಂತೆ, ಅಲ್ವಾ."

ನಾನು ಜೋಕಿಮನ ಮುಖ ನೋಡಿದೆ. ಅವನು ಬಗ್ಗಿ, ಕಳಚದೇ ಇದ್ದ ಸೂಟ್‌ಕೇಸಿನ ಪಟ್ಟಿಯನ್ನು ಗಟ್ಟಿಯಾಗಿ ಬಿಗಿಯುತ್ತಿದ್ದ. ಹಟ ಹಿಡಿದವನು ನಾನೇ, ಆದರೆ ಕಪ್ಪು ಕೋಲಿಗೆ. ಭರಣಿಯನ್ನು ಎದೆಗೊತ್ತಿಕೊಂಡು ಅವರಿಬ್ಬರ ಹಿಂದೆ ನಡೆದೆ.