ಬೈಕಿನ ಹಿಂದಿನ ಸೀಟು

ನನ್ನ ಹೆಂಡತಿ ಜೀವನದಲ್ಲಿ ಮೊದಲ ಸಲ ಬೈಕ್ ಹತ್ತಿದ್ದು ನನ್ನ ಹಿಂದೆ ಅಲ್ಲ, ಮಗನ ಹಿಂದೆ. ಬೈಕ್ ತಂದವನು ನಾನು. ಪೂಜೆ ಮಾಡಿಸಿ ಚಕ್ರದಡಿಗೆ ನಿಂಬೆಹಣ್ಣು ಇಟ್ಟವನು ನಾನು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಹೆಗಲ ಮೇಲೆ ಕೈ ಇಟ್ಟು, ಒಂದೇ ಕಡೆ ಕಾಲು ಹಾಕಿ ಕೂತು ಹೋದದ್ದನ್ನು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದವನೂ ನಾನೇ. ಬಾಯಲ್ಲಿ ಸೀಟಿ ಇತ್ತು, ಊದುವುದು ಮರೆತೇಹೋಯಿತು. ಎನ್.ಆರ್.ಪುರದ ಬಸ್ಸು ಹೊರಡುವುದು ತಡವಾಯಿತು. ಅದರ ಹಿಂದೆ ನಿಂತಿದ್ದ ಬಸ್ಸಿನ ಡ್ರೈವರ್ ನನ್ನ ಮೇಲೆ ಹಾರಾಡಿದ.

ನಾನು ಬಸ್ ಏಜೆಂಟ್. ಕಂಪನಿ ಬಸ್ಸುಗಳನ್ನು ಟೈಮಿಗೆ ಸರಿಯಾಗಿ ಸ್ಟ್ಯಾಂಡಿನಿಂದ ಹೊರಡಿಸುವುದು ನನ್ನ ಕೆಲಸ. 'ಶೃಂಗೇರಿ, ಶೃಂಗೇರಿ, ಯಾರ್ರೀ ಶೃಂಗೇರಿ' ಎಂದು ಕೂಗಿ ಕೂಗಿ ನನ್ನ ಗಂಟಲು ಮೊದಲೇ ಒರಟು, ಕೋಪ ಅದಕ್ಕಿಂತ ಒರಟು. ಒಂದು ನಿಮಿಷಕ್ಕಾಗಿ ಎಷ್ಟು ಡ್ರೈವರುಗಳ ಕಾಲರ್ ಹಿಡಿದಿದ್ದೇನೋ ದೇವರಿಗೇ ಗೊತ್ತು. ಊರಿನವರನ್ನೆಲ್ಲ ಊರೂರಿಗೆ ಕಳಿಸಿದ ನಾನು ಮಾತ್ರ ಮನೆಯಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ಮನೆಗೆ ಸೈಕಲ್ಲು ತುಳಿದುಕೊಂಡೇ ಇದ್ದೆ. ಹೆಂಡತಿಯನ್ನು ಎಲ್ಲಿಗಾದರೂ ಕಳಿಸಬೇಕಾದರೆ ಡ್ರೈವರ್ ಹಿಂದಿನ ಕಿಟಕಿ ಸೀಟು ನನ್ನ ಒಂದು ಮಾತಿಗೆ ಸಿಗುತ್ತಿತ್ತು. ಅದೊಂದು ಜಂಬ ನನಗಿತ್ತು. ಆದರೆ ಬಸ್ಸು ಹೊರಟ ಮೇಲೆ ಅವಳು ಬಸ್ಸಿನಲ್ಲಿ, ನಾನು ಸ್ಟ್ಯಾಂಡಿನಲ್ಲಿ. ಇಪ್ಪತ್ತು ಚಿಲ್ಲರೆ ವರ್ಷದ ಸಂಸಾರ ಹೀಗೇ ಆಗಿತ್ತು.

ಎರಡು ಸಾವಿರದ ಐದೋ ಆರೋ ಇಸವಿ. ಎಲ್ಲರ ಅಂಗಳದಲ್ಲೂ ಒಂದೊಂದು ಬೈಕ್ ಬಂದು ನಿಲ್ಲುತ್ತಿದ್ದ ಕಾಲ. ನಾನೂ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಂದೆ. ಐವತ್ತು ಹತ್ತಿರ ಬಂದವನಿಗೆ ಇದೆಂತ ಹುಚ್ಚು ಅಂತ ಅಕ್ಕಪಕ್ಕದವರು ನಕ್ಕರು. ನಗಲಿ. ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಅವಳು ಹಿಂದೆ ಕೂತಿರಬೇಕು, ನಾನು ಗಾಡಿ ಬಿಡುತ್ತಿರಬೇಕು, ಹಿಂದಿನಿಂದ ಬಂದ ಯಾವ ಬಸ್ಸು ಹಾರನ್ ಹೊಡೆದರೂ ದಾರಿ ಬಿಡಬಾರದು. ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಇಂಥದ್ದನ್ನೆಲ್ಲ ಹೇಳಿಕೊಳ್ಳುವ ಪೈಕಿ ನಮ್ಮಲ್ಲಿ ಯಾರೂ ಇಲ್ಲ.

ಮಗನಿಗೆ ಆಗ ತಾನೇ ಹದಿನೆಂಟು ತುಂಬಿತ್ತು. ಪಿಯುಸಿ ಮುಗಿಸಿ, ಪೇಟೆಯ ಕರೆಂಟಿನ ಅಂಗಡಿಯೊಂದರಲ್ಲಿ ವೈರಿಂಗ್ ಕಲಿಯುತ್ತಿದ್ದ. ಅಪ್ಪ, ಮಗ ಇಬ್ಬರೂ ಒಟ್ಟಿಗೇ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿದೆವು. ಒಂದೇ ಗಾಡಿಗೆ ಹಿಂದೊಂದು ಮುಂದೊಂದು ಕೆಂಪು 'ಎಲ್' ಅಂಟಿಸಿ, ಬೆಳಿಗ್ಗೆ ನಾನು, ಸಂಜೆ ಅವನು ಕಲಿತೆವು. ಕಲಿತೆವು ಅಂದೆನಾ? ಅವನು ಕಲಿಯಲಿಕ್ಕೆ ಏನೂ ಇರಲಿಲ್ಲ, ಗೆಳೆಯರ ಬೈಕಿನಲ್ಲಿ ಯಾವಾಗಲೋ ಕಲಿತು ಮುಗಿಸಿದ್ದ. ನನಗೆ ಕಲಿಸಿದವನು ಒಬ್ಬ ಹಳೆಯ ಬಸ್ ಡ್ರೈವರ್. ನಮ್ಮ ಕಡೆ ರಸ್ತೆ ಗೊತ್ತಲ್ಲ, ಹತ್ತಿದರೆ ಇಳಿಯಲೇಬೇಕು. ಇಳಿಜಾರು ಬಂದ ಕೂಡಲೇ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿಗೆ ಹಾಕಿ ಸುಮ್ಮನೆ ಬಿಟ್ಟುಬಿಡುವುದು ಎಲ್ಲರ ರೂಢಿ. ಇಳಿಜಾರಿನಲ್ಲೂ ಪೆಟ್ರೋಲ್ ಉರಿಸುವವನು ನಮ್ಮಲ್ಲಿ ದಡ್ಡ ಅಂತಲೇ ಲೆಕ್ಕ. ನನಗೆ ಗೇರು ಹಾಕುವುದಕ್ಕಿಂತ ಮೊದಲು ಬಂದದ್ದು ಆಫ್ ಮಾಡುವುದು.

ಲೈಸೆನ್ಸ್ ಕ್ಯಾಂಪಿಗೆ ಬ್ರೇಕ್ ಇನ್ಸ್‌ಪೆಕ್ಟರ್ ಕೊಪ್ಪಕ್ಕೆ ಬಂದ ದಿನ ಇಬ್ಬರೂ ಇಸ್ತ್ರಿ ಶರ್ಟು ಹಾಕಿಕೊಂಡು ಹೋದೆವು. ಮಗ ಸರಾಗವಾಗಿ ಎಂಟು ಹಾಕಿ, ಕೆಳಗಿನ ರಸ್ತೆವರೆಗೆ ಹೋಗಿ ಬಂದು ನಿಲ್ಲಿಸಿದ. ಸಾಹೇಬರು ಅವನ ಮುಖ ಕೂಡ ನೋಡದೆ 'ಆಯ್ತು, ಹೋಗು' ಅಂದರು. ಮುಂದೆ ನಾನು. ಎಂಟು ನಾನೂ ಹಾಕಿದೆ, ಸ್ವಲ್ಪ ಹೊಟ್ಟೆ ದಪ್ಪಗಾದ ಎಂಟು, ಇರಲಿ. ಆಮೇಲೆ ಆ ರಸ್ತೆ. ಇಳಿಜಾರು. ನನ್ನ ಕೈ ನನ್ನನ್ನು ಕೇಳಲೇ ಇಲ್ಲ ಮಾರಾಯ್ರೇ, ಕೀ ತಿರುಗಿಸಿತು. ಗಾಡಿ ಸದ್ದಿಲ್ಲದೆ ಜುಯ್ ಅಂತ ಇಳಿದು, ಕೆಳಗೆ ಹೋಗಿ ನಿಂತಿತು. ಆಮೇಲೆ ಕಿಕ್ ಹೊಡೆದೆ, ಹೊಡೆದೆ, ಹೊಡೆದೆ. ಸ್ಟಾರ್ಟ್ ಆಗಲಿಲ್ಲ. ಕೊನೆಗೆ ತಳ್ಳಿಕೊಂಡೇ ಮೇಲೆ ಬಂದೆ.

'ಯಾಕ್ರೀ ಆಫ್ ಮಾಡಿದ್ರಿ?'

'ಇಳಿಜಾರಲ್ವಾ ಸಾರ್, ಪೆಟ್ರೋಲ್ ಸುಮ್ನೆ ಯಾಕೆ?'

ಸರತಿಯಲ್ಲಿ ನಿಂತಿದ್ದವರೆಲ್ಲ ಹೋ ಎಂದರು. ಸಾಹೇಬರು ನಗಲಿಲ್ಲ. 'ಗೇರಲ್ಲಿದ್ರೆ ಎಂಜಿನ್ನೇ ಗಾಡಿ ಹಿಡಿಯತ್ತೆ. ಆಫ್ ಮಾಡಿದ್ರೆ ನಿಮ್ಮನ್ನ ಹಿಡಿಯೋರು ಯಾರು? ಮುಂದಿನ ಕ್ಯಾಂಪಿಗೆ ಬನ್ನಿ' ಅಂದರು. ಮಗ ತಲೆ ತಗ್ಗಿಸಿ ನಿಂತಿದ್ದ. ನಗು ತಡೆಯುತ್ತಿದ್ದಾನೆ ಅಂತ ಅವನ ಕಿವಿ ನೋಡಿದರೇ ಗೊತ್ತಾಗುತ್ತಿತ್ತು. ಮನೆಗೆ ಅವನ ಹಿಂದೆ ಕೂತು ಬಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಗನ ಲೈಸೆನ್ಸ್ ಮನೆಗೆ ಬಂದ ಸ್ವಲ್ಪ ದಿನಕ್ಕೇ ಅವಳು ಅವನ ಹಿಂದೆ ಹತ್ತಿದಳು. ಎನ್.ಆರ್.ಪುರದ ಹತ್ತಿರದ ತವರಿಗೆ, ಬಾಳೆಹೊನ್ನೂರಿಗೆ ಬಟ್ಟೆಗೆ, ಶೃಂಗೇರಿಗೆ ದೇವಸ್ಥಾನಕ್ಕೆ, ಎಲ್ಲದಕ್ಕೂ ಬೈಕು. 'ಕಿಟಕಿ ಸೀಟು ಹಿಡಿಸಿದ್ದೇನೆ, ಬಸ್ಸಲ್ಲಿ ಹೋಗು' ಅಂದರೆ, 'ಡೀಸೆಲ್ ವಾಸನೆಗೆ ತಲೆ ತಿರುಗ್ತದೆ' ಅನ್ನುವಳು. ಇಷ್ಟು ವರ್ಷ ತಿರುಗದ ತಲೆ! ತಮಾಷೆ ಅಂದರೆ, ಅವನು ಗೆಳೆಯರ ಜೊತೆ ಕಮ್ಮರಡಿಗೆ ವಾಲಿಬಾಲ್ ಮ್ಯಾಚ್ ನೋಡಲು ಹೊರಟರೂ ಇವಳಿಗೆ ಅಲ್ಲೇ ಯಾರನ್ನೋ ಮಾತಾಡಿಸುವ ಕೆಲಸ ಇರುತ್ತಿತ್ತು. ಮಗನ ಮುಖ ಸಪ್ಪಗಾಗುತ್ತಿತ್ತು, ನನಗೆ ಅದನ್ನು ನೋಡುವ ಪುರುಸೊತ್ತು ಎಲ್ಲಿ? ನನ್ನ ಹೊಟ್ಟೆ ಉರಿಯುವುದನ್ನು ಆರಿಸಿಕೊಂಡರೆ ಸಾಕಾಗಿತ್ತು. ಅವರಿಬ್ಬರೂ ಸ್ಟ್ಯಾಂಡಿನ ಮುಂದೆ ದಾಟುವಾಗ ಅವಳು ನನ್ನತ್ತ ಒಂದು ಸಲವೂ ತಿರುಗುತ್ತಿರಲಿಲ್ಲ. ಅವನ ಹೆಗಲನ್ನು ಹಿಡಿದ ಹಿಡಿತ ನೋಡಬೇಕಿತ್ತು. ನನ್ನ ಕೈಯನ್ನು ಧಾರೆ ಎರೆಯುವಾಗಲೂ ಹಾಗೆ ಹಿಡಿದಿರಲಿಲ್ಲ.

ಆಗಲೇ ನಾನು ಕಾನೂನು ಮಾಡಲು ಶುರುಮಾಡಿದ್ದು. ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಬಂದವರಿಗೆಲ್ಲ ಅದೇ ಭಾಷಣ. ಹದಿನೆಂಟು ಆದ ಕೂಡಲೇ ಲೈಸೆನ್ಸ್ ಕೊಡುತ್ತಾರಲ್ಲ, ಹುಟ್ಟಿದಹಬ್ಬದ ಬೆಳಿಗ್ಗೆ ಬುದ್ಧಿ ಬಂದು ತಲೆಯಲ್ಲಿ ಕೂರುತ್ತದಾ? ಬಸ್ಸು ನೋಡಿ. ಮೊದಲು ಕ್ಲೀನರ್ ಆಗಿ ಗಾಜು ಒರೆಸಬೇಕು, ಆಮೇಲೆ ಶೆಡ್ಡಿನಲ್ಲಿ ಹಿಂದೆ ಮುಂದೆ ಮಾಡಬೇಕು, ಮೊದಲು ಲೈಟ್ ಗಾಡಿಯ ಲೈಸೆನ್ಸು, ಆಮೇಲೆ ಹೆವಿ, ಜನ ತುಂಬಿಸಿಕೊಂಡು ಹೋಗುವ ಹೊತ್ತಿಗೆ ಮೀಸೆ ದಪ್ಪಗಾಗಿರುತ್ತದೆ. ಬೈಕಿಗೆ ಮಾತ್ರ ಒಂದು ಎಂಟು ಹಾಕಿದರೆ ಮುಗಿಯಿತು, ಘಾಟಿ ಬೇಕಾದರೂ ಹತ್ತಬಹುದು, ಹೆತ್ತ ತಾಯಿಯನ್ನು ಬೇಕಾದರೂ ಹತ್ತಿಸಿಕೊಳ್ಳಬಹುದು. ಇಪ್ಪತ್ತೈದು ಆಗುವ ತನಕ ಹಿಂದೆ ಯಾರನ್ನೂ ಕೂರಿಸುವ ಹಾಗಿಲ್ಲ ಅಂತ ರೂಲ್ಸ್ ಬರಬೇಕು! ಇದನ್ನು ಹೇಳುವಾಗ ಮೇಜು ಗುದ್ದುತ್ತಿದ್ದೆ.

ಸುಳ್ಳೇನೂ ಹೇಳುತ್ತಿರಲಿಲ್ಲ. ಯಾವ ತಿರುವಿನಲ್ಲಿ ಯಾರ ಮನೆ ಹುಡುಗ ಬಿದ್ದ ಅಂತ ಬಸ್ಸಿನವರ ಬಾಯಿಂದ ಮೊದಲು ಕೇಳುವವನು ನಾನೇ. ಎಷ್ಟೋ ಮನೆಗೆ ಆ ಸುದ್ದಿಯನ್ನು ನಾನೇ ಮುಟ್ಟಿಸಿದ್ದೇನೆ. ಆದರೂ ಹೋಟೆಲಿನವನು ಬಿಡಬೇಕಲ್ಲ. 'ಅಲ್ಲ ಮಾರಾಯ, ಇಪ್ಪತ್ತೈದರ ಒಳಗಿನವರಿಗೆ ಇದಾಯ್ತು. ಐವತ್ತು ಹತ್ತಿರ ಬಂದ್ರೂ ಎಂಜಿನ್ ಆಫ್ ಮಾಡ್ಕೊಂಡು ತಳ್ಕೊಂಡು ಬರೋರಿಗೆ ಎಂತ ರೂಲ್ಸು?' ಅಂತ ಕೇಳಿದ. ಇನ್ನೊಬ್ಬ, 'ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ' ಅಂದ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಛಲಕ್ಕೆ ಬಿದ್ದು ಅಭ್ಯಾಸ ಮಾಡಿದೆ. ಇಳಿಜಾರು ಬಂದಾಗಲೆಲ್ಲ ಬಲಗೈಗೆ ನಾನೇ ಬೈಯುತ್ತಿದ್ದೆ, 'ಮುಟ್ಟಿದರೆ ನೋಡು' ಅಂತ. ಮುಂದಿನ ಕ್ಯಾಂಪಿನಲ್ಲಿ ಪಾಸಾದೆ. ಲೈಸೆನ್ಸ್ ಕೈಗೆ ಬಂದ ದಿನ ಒಂದು ಮೊಳ ಮಲ್ಲಿಗೆ ತಗೊಂಡು ಮನೆಗೆ ಹೋದೆ. ಅವಳು ಮುಡಿದುಕೊಂಡಳು.

'ಈ ಭಾನುವಾರ ರಜೆ ಹೇಳಿದ್ದೇನೆ. ಕಿಗ್ಗ ದಾಟಿ ಸಿರಿಮನೆ ಅಬ್ಬಿಗೆ ಹೋಗಿ, ನೀರು ಬೀಳೋದು ನೋಡ್ಕೊಂಡು ಬರುವ. ನಾವಿಬ್ಬರೇ' ಅಂದೆ.

ಅವಳು ಒಲೆಯ ಕಡೆ ತಿರುಗಿದಳು. 'ಈ ಭಾನುವಾರ ಆಗಲ್ಲ. ಅವ ಶೃಂಗೇರಿಗೆ ಹೊರಟಿದಾನೆ, ಸ್ನೇಹಿತನ ಅಕ್ಕನ ಮದುವೆ. ನಾನೂ ಹೋಗ್ತೇನೆ.'

'ನಿಂಗ್ಯಾರು ಕರೆದಿದಾರೆ ಆ ಮದುವೆಗೆ?'

'ಯಾರೂ ಕರೆದಿಲ್ಲ.'

ಅಷ್ಟು ದಿನ ತಡೆದದ್ದೆಲ್ಲ ಹೊರಗೆ ಬಂತು. ಬಸ್‌ಸ್ಟ್ಯಾಂಡಿನ ಗಂಟಲಿನಲ್ಲೇ ಕೂಗಿದೆ. 'ಗಂಡ ಸತ್ತಿದಾನೆ ಅಂತ ಮಾಡಿದೀಯಾ? ಊರೆಲ್ಲ ಅವನ ಹಿಂದೆ ಮೆರೀತಿ. ನನ್ನ ಹಿಂದೆ ಒಂದು ದಿನ ಕೂರೋಕೆ ನಿಂಗೆ ನಾಚಿಕೆಯಾ? ನಾನು ಮುದುಕ, ಅವ ಹೀರೋ, ಅಲ್ವ?'

ಅವಳು ಸೌಟು ಕೆಳಗಿಟ್ಟಳು. 'ಮೆರೆಯೋದಾ? ದೇವರಾಣೆ ಹೇಳ್ತೇನೆ ಕೇಳಿ. ಅವನ ಹಿಂದೆ ಹತ್ತಿದ್ರೆ ಇಳಿಯೋ ತನಕ ಕಣ್ಣು ಬಿಡಲ್ಲ ನಾನು. ಮನೆಗೆ ಬಂದ ಮೇಲೂ ಕಾಲು ನಡುಗ್ತಾ ಇರ್ತದೆ.'

ನನಗೆ ಅರ್ಥವಾಗಲಿಲ್ಲ. 'ಮತ್ತೆ ಯಾಕೆ ಹೋಗ್ತೀ?'

'ಲೈಸೆನ್ಸ್ ಬಂದ ವಾರವೇ ನೋಡಿದೆ. ಹರಿಹರಪುರದ ರಸ್ತೇಲಿ ನಡ್ಕೊಂಡು ಬರ್ತಿದ್ದೆ. ಇವ ತಿರುವಿನಲ್ಲಿ ಎರಡೂ ಕೈ ಬಿಟ್ಕೊಂಡು, ಹೋ ಅಂತ ಕೂಗ್ಕೊಂಡು ಬಂದ. ಎದುರಿಂದ ಮರದ ಲಾರಿ. ಎಷ್ಟು ಹತ್ತಿರ ಅಂತ ನಾ ಹೇಳಲ್ಲ. ನನ್ನ ನೋಡಲೂ ಇಲ್ಲ ಅವ, ಹೋಗೇಬಿಟ್ಟ.' ಅವಳು ಒಲೆಯ ಉರಿ ತಗ್ಗಿಸಿದಳು. 'ನಾನು ಹಿಂದೆ ಕೂತ್ರೆ ಮೂವತ್ತರ ಸ್ಪೀಡು ದಾಟಲ್ಲ. ಬೈಕೊಂಡೇ ಬಿಡ್ತಾನೆ, ಆದರೆ ದಾಟಲ್ಲ. ಅದಕ್ಕೇ ಕೂರ್ತೇನೆ.'

'ನಂಗೆ ಹೇಳ್ಬಾರದಿತ್ತಾ? ಕೀ ಕಿತ್ಕೊಳ್ತಿದ್ದೆ.'

'ಅದಕ್ಕೇ ಹೇಳಲಿಲ್ಲ. ಕೀ ಕಿತ್ಕೊಂಡ್ರೆ ಇನ್ನೊಬ್ಬನ ಬೈಕ್ ಹತ್ತಾನೆ. ಅಲ್ಲಿ ಅವನ ಹಿಂದೆ ಹೋಗಿ ಕೂರೋಕಾಗತ್ತಾ ನನಗೆ? ನೀವು ಹೋಟ್ಲಲ್ಲಿ ಕೂತು ರೂಲ್ಸ್ ಮಾಡ್ತಿದ್ರಿ, ಎಲ್ಲ ಕೇಳಿದೇನೆ. ನಿಮ್ಮ ರೂಲ್ಸ್ ಬರೋ ತನಕ ನನ್ನ ಮಗ ಉಳೀಬೇಕಲ್ಲ.'

ಆ ಭಾನುವಾರ ಅವರಿಬ್ಬರೂ ಶೃಂಗೇರಿಗೆ ಹೊರಟರು. ರಜೆ ಹೇಳಿದ್ದರೂ ನಾನು ಸ್ಟ್ಯಾಂಡಿಗೆ ಹೋಗಿ ನಿಂತೆ. ಗಾಡಿ ಮುಂದೆ ದಾಟುವಾಗ ಈ ಸಲ ಅವಳ ಮುಖ ನೋಡಿದೆ. ಕಣ್ಣು ಬಿಗಿಯಾಗಿ ಮುಚ್ಚಿತ್ತು, ತುಟಿ ಅಲ್ಲಾಡುತ್ತಿತ್ತು. ಅವನ ಹೆಗಲಲ್ಲಿ ಅವಳ ಬೆರಳು ನೆಟ್ಟುಹೋಗಿದ್ದವು. ತಾನು ಬೀಳದ ಹಾಗೆ ಅವನನ್ನು ಹಿಡಿದು ಕೂತದ್ದಲ್ಲ, ಅವನು ಹಾರಿಹೋಗದ ಹಾಗೆ ಹಿಡಿದು ಕೂರಿಸಿಕೊಂಡಿದ್ದಳು. ಗೊತ್ತಾದ ಮೇಲಾದರೂ ಹೊಟ್ಟೆಕಿಚ್ಚು ಹೋಗಬೇಕಿತ್ತು ಅಂತ ನೀವು ಅನ್ನಬಹುದು.

ಹೋಗಲಿಲ್ಲ. ಮಳೆಗಾಲ ಕಳೆದು, ಹುಡುಗ ಸ್ವಲ್ಪ ತಣ್ಣಗಾದ ಮೇಲೆ, ಒಂದು ದಿನ ಅವಳೇ 'ನಡೀರಿ, ಹೋಗಿ ಬರುವ' ಅಂದಳು. ಸಿರಿಮನೆ ರಸ್ತೆಯಲ್ಲಿ ತಿರುವಿನ ಮೇಲೆ ತಿರುವು. ನಾನು ಮೈಯೆಲ್ಲ ಕಿವಿಯಾಗಿ, ಅವಳ ಬೆರಳು ನನ್ನ ಹೆಗಲಿಗೂ ಹಾಗೆ ನೆಡುತ್ತವಾ ಅಂತ ಕಾಯುತ್ತಿದ್ದೆ. ಒಂದು ಇಳಿಜಾರಿನಲ್ಲಿ ಬೇಕೆಂದೇ ಸ್ವಲ್ಪ ಜೋರು ಬಿಟ್ಟೆ. ಕೈ ಬಿಗಿಯಾಗಲಿಲ್ಲ.

'ಹೆದರಿಕೆ ಆಗ್ತದಾ?' ಅಂತ ಕೂಗಿ ಕೇಳಿದೆ.

ಮತ್ತೆ ಕೇಳುವಷ್ಟರಲ್ಲಿ ಅವಳ ತಲೆ ಬಂದು ನನ್ನ ಬೆನ್ನಿಗೆ ಒರಗಿತು. ನಿದ್ದೆ ಹೋಗಿದ್ದಳು. ಮಗನ ಹಿಂದೆ ಕೂತಾಗ ಒಂದು ಕ್ಷಣ ಮೈ ಮರೆಯದವಳು, ನನ್ನ ಹಿಂದೆ, ಅಂಥ ರಸ್ತೆಯಲ್ಲಿ, ಹಾಯಾಗಿ ನಿದ್ದೆ ಮಾಡುತ್ತಿದ್ದಳು. ನನ್ನ ಜೀವಕ್ಕಾಗಿ ಒಂದು ದಿನವಾದರೂ ಅವಳು ಹಾಗೆ ನಡುಗಿದ್ದಿದ್ದರೆ ಅನ್ನಿಸಿ ಮಗನ ಮೇಲೆ ಮತ್ತೆ ಹೊಟ್ಟೆ ಉರಿಯಿತು. ಉರಿಯುತ್ತಲೇ ಒಂದು ಕೈಯನ್ನು ಹಿಂದಕ್ಕೆ ಚಾಚಿ ಅವಳು ಬೀಳದ ಹಾಗೆ ಹಿಡಿದುಕೊಂಡು, ಗಾಡಿಯನ್ನು ಮೆಲ್ಲಗೆ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಅವಳು ತಾನಾಗಿ ಏಳುವ ತನಕ ಎಬ್ಬಿಸಲಿಲ್ಲ.