ಒಂದು ಕೂಸು, ಮೂರು ನಂಬರು

ನಂಜನಗೂಡಿನ ಈ ಕನ್ನಡಕದ ಅಂಗಡಿಯ ಬೆಂಚಿನ ಮೇಲೆ ಕೂತಾಗಲೆಲ್ಲ, ಲೆನ್ಸ್ ಒರೆಸುವ ಸ್ಪಿರಿಟ್ಟಿನ ವಾಸನೆಗೇ ನನಗೆ ಸಿಟ್ಟು ಬರುತ್ತದೆ. ವಾಸನೆಯ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ ಎನ್ನಬೇಡಿ. ಮಗಳು ಸಿಂಚನ ನಾಲ್ಕು ವರ್ಷದವಳಿದ್ದಾಗ ನಾನು ಪಟ್ಟ ಪಾಡು ಕೇಳಿದರೆ ನೀವೂ ಮೂಗು ಮುಚ್ಚಿಕೊಳ್ಳುತ್ತೀರಿ.

ಬಣ್ಣ ತುಂಬುವಾಗ ಅವಳ ಎಡಗಣ್ಣು ಮೂಗಿನ ಕಡೆ ಸರಿಯುತ್ತದೆಂದು ಅಂಗನವಾಡಿ ಟೀಚರು ಹೇಳಿದ್ದರು. ಇಲ್ಲಿಗೆ ಕರೆತಂದೆ. ಅಂಗಡಿಯವರು ನಂಬರು ಅಳೆಯುವ ಮೆಷಿನ್ನಿಗೆ ಗಲ್ಲ ಊರಿಸಿ, "ಒಳಗೆ ಬಲೂನು ನೋಡು ಪುಟ್ಟಿ" ಎಂದರು. ಮೈನಸ್ ಒಂದೂವರೆ. ತವರುಮನೆ ತಿ. ನರಸೀಪುರಕ್ಕೆ ಹೋದಾಗ ಅಲ್ಲೂ ತೋರಿಸಿದೆ. ಮೈನಸ್ ಮೂರು. ವಾಪಸ್ಸು ಬಂದು ಮತ್ತೆ ಇದೇ ಅಂಗಡಿ, ಇದೇ ಮೆಷಿನ್ನು: ಮೈನಸ್ ಅರ್ಧ! ಹೋಗಲಿ, ಒಂದಾದ ಮೇಲೊಂದು ಲೆನ್ಸ್ ಹಾಕಿ ಯಾವುದು ವಾಸಿ ಎಂದು ಮಗುವನ್ನೇ ಕೇಳೋಣವೆಂದರೆ, "ಎರಡೂ ಚೆನ್ನಾಗಿದೆ ಅಂಕಲ್" ಎಂದಳು. ಯಾರು ಏನು ಕೊಟ್ಟರೂ ಚೆನ್ನಾಗಿದೆ ಅನ್ನಬೇಕೆಂದು ಕಲಿಸಿದ್ದವಳು ನಾನೇ ತಾನೇ.

ಅವ್ವ ಫೋನಿನಲ್ಲಿ, "ಅಲ್ಲ ಕಣವ್ವ, ಕೂಸು ಒಂದು, ಕಣ್ಣು ಎರಡು, ನಂಬರು ಮೂರಾ?" ಎಂದಳು. ನಮ್ಮ ಯಜಮಾನರಂತೂ, "ಸುಮ್ನೆ ಮಧ್ಯದ್ದು ಒಂದು ಹಾಕ್ಸಿಬಿಡು ಕಣೇ" ಎಂದರು.

"ಅದು ಮಗಳ ಕಣ್ಣು ಕಣ್ರೀ, ಬದನೆಕಾಯಿ ಚೌಕಾಸಿ ಅಲ್ಲ!"

ಕೊನೆಗೆ ಮೈಸೂರಿನ ಮಕ್ಕಳ ಕಣ್ಣಿನ ಡಾಕ್ಟರಮ್ಮ ಮನೆಯಲ್ಲೇ ಮೂರು ದಿನ ಹಾಕಲು ಡ್ರಾಪ್ಸ್ ಕೊಟ್ಟರು. ಬಾಟಲಿ ಕಂಡರೆ ಸಾಕು, ಸಿಂಚನ ಮಂಚದ ಕೆಳಗೆ. ಅವಳ ಹಿಂದೆ ನಾನು. ಡ್ರಾಪ್ಸ್ ಬಿದ್ದ ಕಣ್ಣಿಗೆ ಬೆಳಕು ಚುಚ್ಚುತ್ತಿದ್ದರಿಂದ ಬೀದಿಯಲ್ಲಿ ನನ್ನ ಸೆರಗಿನೊಳಗೇ ನಡೆದಳು. ಆಮೇಲೆ ಕತ್ತಲೆ ಕೋಣೆಯಲ್ಲಿ ಸಣ್ಣ ಬೆಳಕು ಬಿಟ್ಟು ನೋಡಿದ ಡಾಕ್ಟರು, "ಮೈನಸ್ ಇಲ್ಲವೇ ಇಲ್ಲ. ಪ್ಲಸ್. ಎಡಗಣ್ಣಿಗೆ ಜಾಸ್ತಿ" ಎಂದರು.

"ಹಾಗಾದ್ರೆ ಮೂರು ಸಲ ಮೆಷಿನ್ ಸುಳ್ಳು ಹೇಳ್ತಾ ಮೇಡಂ?" ನನ್ನ ದನಿ ಏರಿತ್ತು.

"ಸುಳ್ಳಲ್ಲಮ್ಮ. ಪುಟ್ಟ ಮಕ್ಕಳು ಬಲೂನು ಹತ್ತಿರದಲ್ಲೇ ಇದೆ ಅಂದ್ಕೊಂಡು ಕಣ್ಣು ಬಿಗಿ ಹಿಡೀತಾರೆ. ಒಂದೊಂದು ಸಲ ಒಂದೊಂದು ಥರ. ಮೆಷಿನ್ ಆ ಬಿಗೀನೂ ಸೇರಿಸಿ ಅಳೆಯುತ್ತೆ. ಡ್ರಾಪ್ಸ್ ಹಾಕಿದ್ರೆ ಬಿಗಿ ಬಿಡುತ್ತೆ. ಹೀಗೇ ಬಿಟ್ಟಿದ್ರೆ ಎಡಗಣ್ಣು ನೋಡೋದನ್ನೇ ಕಲೀತಿರಲಿಲ್ಲ" ಎಂದರು.

ಸಿಟ್ಟು ಹಾಗೇ ಇಳಿಯಿತು.

ಪ್ಲಸ್ ಕನ್ನಡಕ ಬಂತು. ಎಡಗಣ್ಣು ನೋಡಲು ಕಲಿಯಲೆಂದು ದಿನಾ ಕೆಲವು ಗಂಟೆ ಒಳ್ಳೆ ಕಣ್ಣಿಗೆ ಪಟ್ಟಿ ಅಂಟಿಸಬೇಕಾಯಿತು. ಅವಳು ಕೀಳುವಳು, ನಾನು ಅಂಟಿಸುವೆ. ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡು ಅತ್ತಾಗ ನಾನೂ ಅತ್ತೆ, ಆದರೆ ಪಟ್ಟಿ ಬಿಚ್ಚಲಿಲ್ಲ. ಎರಡನೇ ಕ್ಲಾಸಿನ ಹೊತ್ತಿಗೆ ಎಡಗಣ್ಣೊಂದರಲ್ಲೇ ಅವಳು ಡಾಕ್ಟರ ಬೋರ್ಡಿನ ಸಣ್ಣಕ್ಷರದ ಸಾಲು ಓದಿದಳು.

ಈಗವಳು ಹೈಸ್ಕೂಲು. ಇವತ್ತು ಮತ್ತೆ ಇದೇ ಬೆಂಚಿನ ಮೇಲೆ ನಾನು; ಕಣ್ಣು ನೋಡುವ ಕೋಣೆಯ ಒಳಗಿನಿಂದ ಅವಳ ದನಿ ಕೇಳುತ್ತಿದೆ: "ತಾಳಿ ಸಾರ್, ಅವಸರ ಮಾಡ್ಬೇಡಿ. ಅಕ್ಷರದ ಸುತ್ತ ನೆರಳು ಕಾಣ್ತಿದೆ. ಆ ಲೆನ್ಸು ಇನ್ನೊಂದ್ಸಲ ಹಾಕಿ."

ಸರದಿಗೆ ಕಾಯುತ್ತ ಪಕ್ಕದಲ್ಲಿ ನಿಂತಿದ್ದವರೊಬ್ಬರು ಗೊಣಗಿದರು: "ಏನ್ರವ್ವ ಇಷ್ಟೊತ್ತು? ನಮ್ ಬಿಳಿಗೆರೆ ಬಸ್ಸು ಓಯ್ತದೆ."

ಬೇಗ ಮುಗಿಸೇ ಎಂದು ಕೂಗಲು ಬಾಯಿ ತೆರೆದವಳು, ಬೆಂಚಿನ ಮೇಲೆ ಸರಿದು ಅವರಿಗೆ ಜಾಗ ಮಾಡಿದೆ.

"ಕೂತ್ಕೊಳಿ ಅಣ್ಣ. ಇನ್ನೂ ಸ್ವಲ್ಪ ಹೊತ್ತಾಗುತ್ತೆ."