ಸರದಿ ನುಂಗಿದ ಪೆಟ್ಟಿಗೆ

ಡಾರಿಲ್ ಎಂಬ ಆ ಟೆಲಿಫೋನಿನವನು ಓರ್ಫಾಳ ಅಡುಗೆಮನೆಗೆ ಕೆಸರು ಬೂಟಿನಲ್ಲೇ ನುಗ್ಗಿದ. ಬಾಯೊಳಗಿನ ತಂಬಾಕಿನ ರಸವನ್ನು ಅವಳ ಕಾಫಿ ಲೋಟಕ್ಕೇ ಉಗಿದ. ಗೋಡೆಯ ತಾಮ್ರದ ತಂತಿ ಬಿಚ್ಚಿ, ಇಂಟರ್ನೆಟ್ಟಿನ ಮೇಲೆ ಫೋನು ನಡೆಸುವ ಒಂದು ಬಿಳಿ ಪೆಟ್ಟಿಗೆ ಕೂರಿಸಿ, ರಿಸೀವರನ್ನು ಕಿವಿಗಿಟ್ಟುಕೊಂಡು ಹೆಬ್ಬೆರಳೆತ್ತಿದ. ಹುಟ್ಟು ಕಿವುಡಿ ಓರ್ಫಾಳ ಫೋನನ್ನು ಕಿವಿಯಿಂದ ಪರೀಕ್ಷೆ ಮಾಡುವ ಜಾಣ! ಓರ್ಫಾ ಆ ಲೋಟವನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕಿಟ್ಟಳು.

ಸೊಸೆ ಡ್ರೆಮಾಳಿಗೆ ಕಿವಿ ಕೇಳುತ್ತದೆ, ಕೈಮಾತೂ ಬರುತ್ತದೆ. "ಅತ್ತೆ, ಈ ಓಬಿರಾಯನ ಕಾಲದ ಅಕ್ಷರ ಒತ್ತೋ ಯಂತ್ರ ಯಾಕಿನ್ನೂ ಇಟ್ಕೊಂಡಿದೀರಿ ಅಂತಾನೆ. ಪರದೇಲಿ ಮುಖ ನೋಡ್ಕೊಂಡು ಕೈ ಆಡಿಸಬಹುದಂತೆ," ಎಂದಳು.

"ಇಲ್ಲಿಯ ಇಂಟರ್ನೆಟ್ಟಲ್ಲಿ ಚಿತ್ರ ಬಸವನಹುಳುವಿನ ಹಾಗೆ ತೆವಳತ್ತೆ. ಅವನಪ್ಪ ಬಂದು ತಳ್ತಾನಾ, ಕೇಳು."

ಡ್ರೆಮಾ ಅದರಲ್ಲಿ ಅರ್ಧ ನುಂಗಿಕೊಂಡು ಡಾರಿಲ್‌ಗೆ ಹೇಳಿದಳು.

ಗುಡ್ಡದಾಚೆ ನಕ್ಷತ್ರಗಳ ಸದ್ದು ಕೇಳುವ, ದೊಡ್ಡ ಬಟ್ಟಲಿನಂಥ ರೇಡಿಯೋ ದುರ್ಬೀನಿದೆ. ಅದರ ಕಿವಿಗೆ ತೊಂದರೆಯೆಂದು ಈ ಕಣಿವೆಯಲ್ಲಿ ಮೊಬೈಲ್ ಗೋಪುರ ಎಬ್ಬಿಸುವಂತಿಲ್ಲ. ನಕ್ಷತ್ರಗಳ ಮಾತಿಗೆ ಅಷ್ಟು ಮರ್ಯಾದೆ, ಎರಡು ಮುದುಕಿಯರ ಮಾತಿಗೆ ಇಲ್ಲ.

ಇನ್ನೊಬ್ಬ ಮುದುಕಿ ಲವೇಡಾ. ಕಿವುಡರ ಶಾಲೆಯಲ್ಲಿ ಓರ್ಫಾಳ ಪಕ್ಕದ ಮಂಚದವಳು. ಆಮೇಲೆ ಕೋಳಿ ಕಾರ್ಖಾನೆಯಲ್ಲೂ ಪಕ್ಕದಲ್ಲೇ ನಿಂತು ರೆಕ್ಕೆ ಕತ್ತರಿಸಿದವಳು. ಈಗ ಗುಡ್ಡದ ಆ ಬದಿಯಲ್ಲಿ ಒಂಟಿ. ಓರ್ಫಾಳ ಗಂಡ ಓಕಿ ಬದುಕಿದ್ದಾಗ ತಂದುಕೊಟ್ಟ ಆ ಯಂತ್ರದ ರಬ್ಬರ್ ಗುಳಿಗಳಲ್ಲಿ ರಿಸೀವರನ್ನು ಮಲಗಿಸಿ ಅಕ್ಷರ ಒತ್ತಿದರೆ, ಅದು ಸದ್ದಾಗಿ ತಂತಿಯಲ್ಲಿ ಹೋಗಿ ಅಲ್ಲಿ ಲವೇಡಾಳ ಯಂತ್ರದಲ್ಲಿ ಹಸಿರಾಗಿ ಮೂಡುತ್ತಿತ್ತು. ಕರೆಂಟು ಹೋದರೂ ನಡೆಯುತ್ತಿತ್ತು. ತನ್ನ ಮಾತು ಮುಗಿದಾಗ 'ಈಗ ನೀನು' ಎಂಬ ಗುರುತು ಒತ್ತಬೇಕು. ಅದು ಬರುವ ಮೊದಲೇ ಕೀಲಿ ಮುಟ್ಟುವುದೆಂದರೆ ಎದುರಿನವರ ಬಾಯಿಗೆ ಕೈ ತುರುಕಿದ ಹಾಗೆ. ಕಿವುಡರಲ್ಲಿ ಮಾನವಂತರು ಯಾರೂ ಹಾಗೆ ಮಾಡುವುದಿಲ್ಲ.

ಮರುದಿನ ಬೆಳಿಗ್ಗೆ ಹಿಮ ಬಿದ್ದಿತ್ತು. ಕರೆ ಬಂದರೆ ಮಿನುಗುವ ದೀಪ ಮಿನುಗಿತು. ಓರ್ಫಾ ರಿಸೀವರ್ ಮಲಗಿಸಿ ತನ್ನ ಹೆಸರು ಒತ್ತಿ ಸರದಿ ಕೊಟ್ಟಳು. ಬಂದದ್ದು ಬರೀ ಅಂಕಿ, ಚುಕ್ಕೆ, ಗೀಟು. ಕೋಳಿ ಕೆದರಿದ ತಿಪ್ಪೆಯ ಹಾಗೆ. ಆಮೇಲೆ ಅದೂ ನಿಂತಿತು. ಲವೇಡಾಳೇ ಇರಬೇಕು, ಏನೋ ಯೋಚಿಸುತ್ತಿದ್ದಾಳೆ, ಮುಗಿಸಿ ಸರದಿ ಕೊಡಲಿ ಎಂದು ಓರ್ಫಾ ಕೈ ಕಟ್ಟಿ ಕೂತಳು. ಕಾಫಿ ಆರಿತು. ಆಲೂಗಡ್ಡೆ ಸುಲಿದು ಮುಗಿಯಿತು. ತನ್ನ ಗಂಡನ ಹೆಣದ ಮುಂದೆಯೂ ಬೆರಳು ಸುಮ್ಮನಿಡದವಳು ಇಷ್ಟು ಹೊತ್ತು ಸುಮ್ಮನಿರುವುದೇ? ಓರ್ಫಾ ಎದ್ದಳು. ಡ್ರೆಮಾಳಿಂದ ಕಾರು ಹೊರಡಿಸಿದಳು.

ಲವೇಡಾ ಆರಿದ ಒಲೆಯ ಪಕ್ಕ ನೆಲದ ಮೇಲಿದ್ದಳು. ಸೌದೆ ತರುವಾಗ ಜಾರಿ ಸೊಂಟ ಮುರಿದು, ತೆವಳಿ ಒಳಗೆ ಬಂದು, ಯಂತ್ರವನ್ನು ತಂತಿ ಹಿಡಿದು ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ತುಟಿ ನೀಲಿಗಟ್ಟಿತ್ತು, ಆದರೂ ಓರ್ಫಾಳನ್ನು ಕಂಡು ಕೈ ಆಡಿಸಿದಳು:

"ಏನೇ, ಬಾ ಅಂತ ಹೇಳಿ ಸರದಿ ಕೊಟ್ಟು ಎಷ್ಟು ಹೊತ್ತಾಯ್ತು! ಬೆರಳಿಗೆ ಲಕ್ವ ಹೊಡೆದಿತ್ತಾ?"

"ನಂಗೆ ಸರದಿ ಬರಲೇ ಇಲ್ಲ ಕಣೇ. ಆ ಹೊಸ ಪೆಟ್ಟಿಗೆ ನುಂಗ್ತು."

"ನಾನೂ ಮಾನವಂತೆ ಥರ ಕಾಯ್ತಾ ಬಿದ್ದಿದ್ದೆ. ಥೂ!"

ಡ್ರೆಮಾ ಅಲ್ಲಿಂದಲೇ ಆಂಬುಲೆನ್ಸಿಗೆ ಫೋನು ಮಾಡಿದಳು. ಅಲ್ಲಿನ ತಾಮ್ರದ ತಂತಿಯನ್ನು ಇನ್ನೂ ಯಾರೂ ಮುಟ್ಟಿರಲಿಲ್ಲ.

ಓರ್ಫಾಳ ಮನೆಗೆ ತಾಮ್ರದ ತಂತಿ ವಾಪಸು ಬರಲು ಲವೇಡಾ ಊರುಗೋಲು ಹಿಡಿದು ಮನೆಗೆ ಬರುವಷ್ಟು ಕಾಲ ಹಿಡಿಯಿತು. ಅಷ್ಟೂ ದಿನ ಡ್ರೆಮಾ ಕಂಪನಿಯವರ ತಲೆ ತಿಂದಳು. ಡಾರಿಲ್ ಬಂದ, ಅದೇ ಬೂಟು. ತಂತಿ ಸೇರಿಸಿ ರಿಸೀವರನ್ನು ಕಿವಿಗೆ ಒಯ್ಯುವಾಗ ಓರ್ಫಾ ಅವನ ಕೈಗೆ ರಪ್ಪನೆ ಹೊಡೆದು ಕಿತ್ತುಕೊಂಡಳು. ಗುಳಿಯಲ್ಲಿ ಮಲಗಿಸಿ ಲವೇಡಾಳನ್ನು ಕರೆದಳು. ಅಕ್ಷರ ಒಂದೊಂದೂ ಸ್ವಚ್ಛವಾಗಿ ಬಂತು:

"ಆ ಹಂದಿ ಬಂದ್ನಾ? ಈಗ ನೀನು."

"ಇಲ್ಲೇ ನಿಂತಿದಾನೆ. ಕಾಫಿ ಕೊಡ್ತೀನಿ. ಈಗ ನೀನು," ಎಂದು ಒತ್ತಿ, ಅವನು ಉಗಿದಂದಿನಿಂದ ತೊಳೆಯದೆ ಎತ್ತಿಟ್ಟಿದ್ದ ಲೋಟವನ್ನು ಓರ್ಫಾ ಅವನ ಮುಂದೆ ಇಟ್ಟಳು.